ಯಾರದೂ ಅಲ್ಲದ ಹಗ್ಗ

ನಾನು ಹುಟ್ಟಿ ಬೆಳೆದದ್ದು ಸಂತೇಬೆನ್ನೂರಿನಲ್ಲಿ. ಅಲ್ಲಿ ನೀರೆಂದರೆ ಹೊಂಡದ ಮೆಟ್ಟಿಲಿಳಿದು ಹೋಗಿ ಕೈ ಅದ್ದುವುದು. ಹಿಟ್ಟಿನ ಗಿರಣಿ ಹಾಕಲೆಂದು ಜಗಳೂರು ಸೀಮೆಯ ಕಳ್ಳಿಹಟ್ಟಿಗೆ ಬಂದ ಮೇಲೆ ನಾನು ಮೊದಲು ಕಲಿತದ್ದು ಹಗ್ಗದ ಮರ್ಯಾದೆ. ಇಲ್ಲಿನ ಬಾವಿಗೆ ಬಗ್ಗಿ ನೋಡಿದರೆ ನೀರು ಕಾಣುವುದಕ್ಕೆ ಮೊದಲು ತಲೆ ತಿರುಗುತ್ತದೆ. ಕತ್ತಾಳೆ ಕೊಯ್ದು, ನೆನೆಹಾಕಿ, ಬಡಿದು, ನಾರು ತೆಗೆದು ಮನೆಮಂದಿಯೆಲ್ಲ ಕೂತು ಹೊಸೆದರೆ ಒಂದು ಬೇಸಿಗೆಗೆ ಒಂದು ಹಗ್ಗ. ಅದನ್ನು ಬಾವಿಕಟ್ಟೆಯ ಮೇಲೆ ಬಿಟ್ಟುಬರುವ ಹೆಂಗಸು ಈ ಊರಲ್ಲಿ ಹುಟ್ಟಿಲ್ಲ. ನೀರು ಸೇದಿದ ಮೇಲೆ ಕೊಡ ತಲೆಯ ಮೇಲೆ, ಸುತ್ತಿದ ಹಗ್ಗ ಹೆಗಲ ಮೇಲೆ. ಮನೆಗೆ ಹೋದರೆ ಅದಕ್ಕೆಂದೇ ಒಳಗೋಡೆಯಲ್ಲಿ ಒಂದು ಗೂಟ. ಹೆಣ್ಣು ಕೇಳಿಕೊಂಡು ಹೋದರೆ ಕೊಟ್ಟಾರು, ಹಗ್ಗ ಕೇಳಿದರೆ ಕೊಡರು ಎಂದು ನಾನು ಗಿರಣಿಗೆ ಬಂದವರನ್ನು ಕಾಡಿಸುತ್ತಿದ್ದೆ. ಆ ತಮಾಷೆ ನನ್ನ ಬಾಯಲ್ಲಿ ಬಹಳ ಕಾಲ ಉಳಿಯಲಿಲ್ಲ.

ಹಗ್ಗದ ವಿಷಯದಲ್ಲಿ ಇನ್ನೊಂದು ಕಟ್ಟಳೆಯೂ ಇತ್ತು. ಹೆಣ ಎತ್ತಿದ ಹಗ್ಗ ಮತ್ತೆ ನೀರಿಗೆ ಇಳಿಯುವಂತಿಲ್ಲ, ಅದನ್ನು ತುಂಡು ಮಾಡಿ ಹೆಣದ ಜೊತೆಗೇ ಗುಂಡಿಗೆ ಹಾಕಬೇಕು. ಈಗ ಯೋಚನೆ ಮಾಡಿ. ಒಬ್ಬ ಬಾವಿಗೆ ಬಿದ್ದಿದ್ದಾನೆ. ಬದುಕಿರಬಹುದು, ಆದರೆ ಮೇಲೆ ಬರುವಷ್ಟರಲ್ಲಿ ಏನಾಗುತ್ತಾನೋ ಯಾರಿಗೆ ಗೊತ್ತು? ಹಗ್ಗ ಕೊಟ್ಟವರ ಮನೆ ಮುಂದಿನ ಬೇಸಿಗೆಯ ತನಕ ನೀರಿಗೆ ಪಕ್ಕದವರ ಬಾಗಿಲು ಕಾಯಬೇಕು. ಈ ಜನ ಕೆಟ್ಟವರಲ್ಲ, ಮನೆಗೆ ಬಂದವರಿಗೆ ತಮ್ಮ ತಟ್ಟೆಯ ಮುದ್ದೆ ಕೊಡುವವರು. ಆದರೂ ಯಾರಾದರೂ ಬಾವಿಗೆ ಬಿದ್ದರೆಂದರೆ ಜನ ಓಡಿ ಬರುತ್ತಿದ್ದರು, ಹಗ್ಗಗಳು ಮಾತ್ರ ನಿಧಾನವಾಗಿ ಬರುತ್ತಿದ್ದವು.

ನಾನು ಬಂದ ಮರುವರ್ಷ, ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ, ಸಣ್ಣಪ್ಪ ಬಿದ್ದ.

ಸಣ್ಣಪ್ಪ, ಅವನ ತಮ್ಮ ಮಾರಪ್ಪ, ಇಬ್ಬರದೂ ಬಾವಿಗೆ ಇಳಿಯುವ ಕಸುಬು. ಬಾವಿಯ ಗೋಡೆಯಿಂದ ಚಾಚಿಕೊಂಡ ಕಲ್ಲುಗಳ ಮೇಲೆ ಹೆಜ್ಜೆಯಿಟ್ಟು, ಹಗ್ಗವಿಲ್ಲದೆ ಇಳಿದು ಹತ್ತುತ್ತಿದ್ದರು. ಪಾತಾಳಗರಡಿಯ ಕೊಕ್ಕೆಗೆ ಸಿಗದ ಕೊಡ ತೆಗೆಯುವುದು, ಪಂಪ್‌ಸೆಟ್ಟಿನ ಫುಟ್‌ವಾಲ್ವಿಗೆ ಸಿಕ್ಕಿದ ಕಸ ಬಿಡಿಸುವುದು, ಇಂಥವು. ಅವತ್ತು ಸಣ್ಣಪ್ಪ ಕಲ್ಲೇಶಪ್ಪನ ಹೊಲದ ಬಾವಿಗೆ ಇಳಿದಿದ್ದ. ಮಾರಪ್ಪ ಜಗಳೂರಿಗೆ ಹೋಗಿದ್ದ. ಕಾಲಡಿಯ ಕಲ್ಲು ಕಳಚಿತು, ಅದರ ಜೊತೆ ಮೇಲಿನ ಸಾಲೂ ಕುಸಿಯಿತು. ಬುತ್ತಿ ತಂದ ಅವನ ಹೆಂಡತಿ ಕೆಂಪಕ್ಕನಿಗೆ ಕೇಳಿಸಿದ್ದು ಬಾವಿಯೊಳಗಿನ ಕೂಗು.

ಅವಳು ಊರಿಗೆ ಓಡಿ ಬಂದು ತನ್ನ ಮನೆಯ ಹಗ್ಗ ತಂದಳು. ನಾನು ಗಿರಣಿ ನಿಲ್ಲಿಸಿ ಕೈಗೆ ಸಿಕ್ಕ ಹಳೆಯ ಬೆಲ್ಟು ಎಳೆದುಕೊಂಡು ಓಡಿದೆ. ನನಗೆ ಆಗ ಮನೆಯೂ ಇರಲಿಲ್ಲ, ಹಗ್ಗವೂ ಇರಲಿಲ್ಲ. ಬೆಲ್ಟು ಬಾವಿಯ ಕಾಲು ಭಾಗಕ್ಕೂ ಸಾಲಲಿಲ್ಲ. ಕೆಂಪಕ್ಕನ ಹಗ್ಗ ಸಾಲುತ್ತಿತ್ತು, ಆದರೆ ಒಂದು ಕೊಡ ನೀರಿಗೆಂದು ಹೊಸೆದದ್ದು ಒಬ್ಬ ಗಂಡಸಿನ ತೂಕ ತಡೆಯುತ್ತದೆಯೇ? ಮೂರಾದರೂ ಸೇರಿಸಿ ಹುರಿಗೂಡಿಸಬೇಕು. ಇನ್ನೆರಡು ಬೇಕಾಗಿತ್ತು.

“ನಮ್ದು ಎಳೆ ಪಿಸಿದು ಹೋಗೈತೆ,” ಅಂದರು ಒಬ್ಬರು. “ನಮ್ದು ಗಿಡ್ಡ ಆಕ್ಕೈತೆ,” ಅಂದರು ಇನ್ನೊಬ್ಬರು. ಕಲ್ಲೇಶಪ್ಪ, ಪಂಪು ಬಂದ ಮೇಲೆ ಯಾಕೆ ಬೇಕೆಂದು ತನ್ನದನ್ನು ಮಾರಿಬಿಟ್ಟೆನೆಂದ. ಆ ಹೊಲಕ್ಕೆ ಎಲ್ಲರಿಗಿಂತ ಹತ್ತಿರ ತಿಪ್ಪೇಶಪ್ಪನ ಮನೆ. ಅವನು ಹೋದ, ಬರಿಗೈಲಿ ಬಂದ. ಅವನ ತಾಯಿ ದುರುಗಮ್ಮ ಗೂಟಕ್ಕೆ ಬೆನ್ನು ಕೊಟ್ಟು ನಿಂತಿದ್ದಳಂತೆ. ಒಳಗಿನಿಂದ ಸಣ್ಣಪ್ಪ ಕೂಗುತ್ತಲೇ ಇದ್ದ. “ಹಗ್ಗ ಬಿಡ್ರಪ್ಪೋ, ಹಗ್ಗ ಬಿಡ್ರಿ.” ಮೊದಲು ಗಟ್ಟಿಯಾಗಿ, ಆಮೇಲೆ ಮನೆಯವರೊಡನೆ ಮಾತಾಡುವಷ್ಟು ಮೆಲ್ಲಗೆ. ಕೆಂಪಕ್ಕ ಒಬ್ಬೊಬ್ಬರ ಮುಂದೆಯೂ ಸೆರಗೊಡ್ಡಿದಳು. ಎಲ್ಲರೂ ಮನೆಯ ದಿಕ್ಕಿಗೆ ನೋಡಿದರು, ಬೇರೆ ಯಾರೂ ಹೋಗಲಿಲ್ಲ.

ಮಾರಪ್ಪ ಸುದ್ದಿ ತಿಳಿದು ಒಂದು ಲಾರಿ ಹತ್ತಿ ಬಂದು ಅದರ ದಪ್ಪ ಹಗ್ಗವನ್ನು ಇಳಿಬಿಟ್ಟಾಗ ಒಳಗಿನ ಕೂಗು ನಿಂತು ಬಹಳ ಹೊತ್ತಾಗಿತ್ತು. ಹೆಣ ಮೇಲೆ ಬಂತು. ಲಾರಿಯವನು ತನ್ನ ಹಗ್ಗ ಸುತ್ತಿಕೊಂಡು ಹೊರಟುಹೋದ, ಅವನಿಗೆ ಈ ಊರಿನ ಕಟ್ಟಳೆ ಗೊತ್ತಿರಲಿಲ್ಲ. “ಬಿದ್ದ ಏಟಿಗೇ ಉಸಿರು ಹೋಗೈತಪ್ಪ,” ಎಂದು ಹಿರಿಯರು ಮಾರಪ್ಪನ ಬೆನ್ನು ಸವರಿದರು. “ಒಂದು ಮಾತೂ ಆಡ್ಲಿಲ್ಲ ಪುಣ್ಯಾತ್ಮ.” ಕೆಂಪಕ್ಕ ಅಲ್ಲೇ ನಿಂತಿದ್ದಳು. ಇಲ್ಲ ಅನ್ನಲಿಲ್ಲ. ಮಾರಪ್ಪ ಆಗಿನ್ನೂ ಬಿಸಿರಕ್ತದ ಹುಡುಗ, ನಿಜ ಗೊತ್ತಾದರೆ ಹಿತ್ತಿಲಲ್ಲಿ ಕೊಡಲಿ ಇತ್ತು. ಹಿರಿಯರ ಆ ಸುಳ್ಳಿಗೆ ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಅವಳೇ ಸುಮ್ಮನಿರುವಾಗ ನಾನು ಬಾಯಿ ತೆಗೆಯುವುದು ಸರಿಯಲ್ಲ ಅನ್ನಿಸಿತು.

ಮುಂದೆ ಎಂಬತ್ತೇಳರಲ್ಲಿ ಮಂಡಲ ಪಂಚಾಯ್ತಿ ಬಂತು. ಹೆಂಗಸರಿಗೆಂದು ಇಷ್ಟು ಜಾಗ ಇಡಲೇಬೇಕಾಯಿತು. ಅದರ ಮುಖ್ಯಸ್ಥ, ಅಂದರೆ ಪ್ರಧಾನನಾಗಲು ಹೊರಟ ಮಲ್ಲಿಕಾರ್ಜುನಪ್ಪನಿಗೆ ಬೇಕಾಗಿದ್ದದ್ದು ಕೇಳಿದಾಗ ಕೈಯೆತ್ತುವ, ಕೇಳದಿದ್ದಾಗ ಬಾಯಿ ಮುಚ್ಚಿಕೊಂಡಿರುವ ಹೆಂಗಸು. ಗಂಡ ಸತ್ತಾಗಲೇ ಬಾಯಿ ಬಿಡದವಳು ಈಗೇನು ಬಿಟ್ಟಾಳು ಎಂದು ಕೆಂಪಕ್ಕನನ್ನು ನಿಲ್ಲಿಸಿದ. ಅವಳೂ ಗೆದ್ದಳು. ನಾನೂ ನಿಂತು ಗೆದ್ದೆ, ಗಿರಣಿಗೆ ಬರದ ಮನೆ ಇಲ್ಲವಲ್ಲ.

ಮೊದಲ ಸಭೆಯಲ್ಲಿ ಮಲ್ಲಿಕಾರ್ಜುನಪ್ಪ ಊರಬಾಗಿಲಿಗೆ ಒಂದು ಸ್ವಾಗತ ಕಮಾನಿನ ವಿಷಯ ತೆಗೆದ. ಮೇಲೆ ಮಂಡಲದ ಹೆಸರು, ಕೆಳಗೆ ತನ್ನ ಹೆಸರು. ಎಲ್ಲರೂ ಕೈಯೆತ್ತಿದರು. ಕೆಂಪಕ್ಕ ಎತ್ತಲಿಲ್ಲ, ಎದ್ದು ನಿಂತಳು.

“ಊರಿಗೊಂದು ಹಗ್ಗ ಬೇಕ್ರಿ,” ಅಂದಳು.

ಮಲ್ಲಿಕಾರ್ಜುನಪ್ಪ ನಕ್ಕ. “ಯಾರ ಮನೇಲಿ ಹಗ್ಗ ಇಲ್ಲಮ್ಮಾ?”

“ಎಲ್ಲಾರ ಮನೇಲೂ ಐತ್ರಿ. ಅದಕ್ಕೇ ಕೇಳ್ತಿರೋದು.”

ಸಭೆಯಲ್ಲಿ ನಗು ನಿಂತಿತು. ತಿಪ್ಪೇಶಪ್ಪನೂ ಸದಸ್ಯನಾಗಿದ್ದ, ಅವನು ಕಿಟಕಿಯ ಹೊರಗೆ ನೋಡತೊಡಗಿದ.

“ಯಾರ್ದೂ ಅಲ್ಲದ್ದು ಬೇಕು,” ಕೆಂಪಕ್ಕ ಹೇಳಿದಳು. “ಒಂದೇ ಎಳೀಗೆ ಆಳು ತೂಕ ತಡೀಬೇಕು. ಕೂರಾಕೆ ಒಂದು ಹಲಗೆ, ಎಳೆಯಾಕೆ ಒಂದು ರಾಟೆ. ಸರ್ಕಾರದ ದುಡ್ಡಿನಾಗೆ ಬರ್ಲಿ. ಆಗ ಕೂಗು ಕೇಳ್ತಿದ್ದಂಗೆ ಯಾರು ಬೇಕಾದ್ರೂ ಹೊತ್ಕೊಂಡು ಓಡಬಹುದು. ಕೊಟ್ಟೋರ ಮನೇಲಿ ನೀರು ನಿಲ್ಲಲ್ಲ. ಹೆಣಾನೇ ಮ್ಯಾಲೆ ಬಂದ್ರೂ ಹಗ್ಗಕ್ಕೆ ಅಳೋರು ಯಾರೂ ಇರಲ್ಲ.”

ಸೆಕ್ರೆಟರಿ ಓಂಕಾರಪ್ಪ ಗಂಟಲು ಸರಿಮಾಡಿಕೊಂಡ. ಬೀದಿ ದೀಪಕ್ಕೆ ಅನುದಾನ ಉಂಟು, ಚರಂಡಿಗೆ ಉಂಟು, ಶಾಲೆಯ ಹೆಂಚಿಗೆ ಉಂಟು, ಬಾವಿಗೆ ಬಿದ್ದವರನ್ನು ಎತ್ತುವುದಕ್ಕೆ ಅಂತ ಲೆಕ್ಕದ ಪುಸ್ತಕದಲ್ಲಿ ಯಾವ ಬಾಬೂ ಇಲ್ಲ ಅಂದ. ಜನ ಬಾವಿಗೆ ಬೀಳುತ್ತಾರೆ ಎಂಬುದು ಚಿತ್ರದುರ್ಗದ ಜಿಲ್ಲಾ ಪರಿಷತ್ತಿಗೆ ಗೊತ್ತೇ ಇಲ್ಲವೇನೋ ಅನ್ನುವಂತಿತ್ತು ಅವನ ಮಾತು. ನನಗೆ ರೇಗಿತು. “ಹಂಗಾದ್ರೆ ಕಮಾನಿಗೆ ಯಾವ ಬಾಬು ಐತ್ರಿ?” ಎಂದು ಕೇಳಿದೆ. ಅದಕ್ಕೂ ಇರಲಿಲ್ಲ. ಅಭಿವೃದ್ಧಿ ಅಂತ ಬರೆಯುವುದೆಂದು ಇಬ್ಬರೂ ಮಾತಾಡಿಕೊಂಡಿದ್ದರಂತೆ.

ಕೆಂಪಕ್ಕ ಒಂದು ಸಭೆಯನ್ನೂ ತಪ್ಪಿಸಲಿಲ್ಲ. ಪ್ರತಿ ಸಲವೂ ಏಳುವುದು, ಅದೇ ಮಾತು ಹೇಳುವುದು, ಕೂರುವುದು. ಕಮಾನಿನ ಕಂಬಗಳು ಏಳುತ್ತಿರುವಾಗ ಒಂದು ದಿನ, “ಚೆಂದ ಆಗ್ತೈತ್ರಿ, ಹೆಣ ಹೊತ್ಕೊಂಡು ಹೋಗೋರಿಗೆ ನೆಳ್ಳು,” ಅಂದಳಂತೆ ಗಾರೆಯವರೊಡನೆ. ಅದು ಊರೆಲ್ಲ ಸುತ್ತಿ ಮಲ್ಲಿಕಾರ್ಜುನಪ್ಪನ ಹೆಂಡತಿಯ ಕಿವಿಗೂ ಬಿತ್ತು. ಅವಳು ಗಂಡನಿಗೆ ಏನು ಹೇಳಿದಳೋ, ಮುಂದಿನ ಸಭೆಯಲ್ಲಿ ಓಂಕಾರಪ್ಪನಿಗೆ ಬಾಬು ಸಿಕ್ಕಿತು. ಕುಡಿಯುವ ನೀರು, ಬಿಡಿ ಸಾಮಗ್ರಿ. ದಾವಣಗೆರೆಯಿಂದ ಹೆಬ್ಬೆರಳು ದಪ್ಪದ ನೀಲಿ ನೈಲಾನ್ ಹಗ್ಗ, ರಾಟೆ, ಹಲಗೆ, ಹೊಸ ಪಾತಾಳಗರಡಿ ಎಲ್ಲ ಒಂದು ತಗಡಿನ ಪೆಟ್ಟಿಗೆಯಲ್ಲಿ ಬಂದವು. ಕಮಾನಿನ ಕಂಬಗಳು ಮೇಲ್ಭಾಗಕ್ಕೆ ದುಡ್ಡಿಲ್ಲದೆ ಹಾಗೇ ನಿಂತವು. ಕೆಂಪಕ್ಕ ಪೆಟ್ಟಿಗೆ ತೆಗೆದು ಹಗ್ಗದ ಮೇಲೆ ಕೈಯಾಡಿಸಿದ್ದನ್ನು ನಾನು ನೋಡಿದೆ. ಮದುವೆ ಸೀರೆಯನ್ನೂ ಯಾರೂ ಹಾಗೆ ಮುಟ್ಟಲಾರರು.

ನಮ್ಮ ದುರದೃಷ್ಟಕ್ಕೆ ಆ ಹಗ್ಗ ಮೊದಲು ಎತ್ತಿದ್ದು ಹೆಣವನ್ನು. ಯಾವುದೋ ದೂರದ ಊರಿನ ಕುರಿಗಾಹಿ ಅದೇ ಕಲ್ಲೇಶಪ್ಪನ ಬಾವಿಗೆ ಬಿದ್ದು ಸತ್ತಿದ್ದ. ವಾಸನೆ ಬಂದ ಮೇಲೇ ಗೊತ್ತಾದದ್ದು. ಪೊಲೀಸರು ಬಂದರು, ಪೆಟ್ಟಿಗೆ ಬಂತು, ಹೆಣ ಸಲೀಸಾಗಿ ಮೇಲೆ ಬಂತು. ಪೇದೆ ಪಂಚಾಯ್ತಿಯನ್ನು ಹೊಗಳಿಯೂ ಹೋದ. ಅವನ ಬೆನ್ನು ತಿರುಗಿದ್ದೇ ತಡ, ಹಗ್ಗ ಕಡಿಯಿರಿ ಎಂದು ಹಿರಿಯರು ಪಟ್ಟು ಹಿಡಿದರು.

“ಇದು ಯಾರ ಮನೇದೂ ಅಲ್ಲ,” ಕೆಂಪಕ್ಕ ಅಡ್ಡ ನಿಂತಳು. “ಸರ್ಕಾರದ್ದು. ಸರ್ಕಾರಕ್ಕೆ ಎಲ್ಲಿಯ ಸೂತಕ?”

“ಸರ್ಕಾರಕ್ಕಿಲ್ಲ ಕಣವ್ವ,” ಅಂದಳು ದುರುಗಮ್ಮ. “ನೀರಿಗೈತೆ.”

ಮಲ್ಲಿಕಾರ್ಜುನಪ್ಪ ಒದ್ದಾಡಿದ. ಕಡಿಸಿದರೆ ಸರ್ಕಾರದ ಸಾಮಾನು ಹಾಳುಮಾಡಿದ್ದಕ್ಕೆ ಆಡಿಟ್ಟಿನವರು ಹಿಡಿಯುತ್ತಾರೆ, ಬಿಟ್ಟರೆ ಊರು ಹಿಡಿಯುತ್ತದೆ. ಕೊನೆಗೆ ಕಡಿಯುವುದೂ ಬೇಡ, ಬಳಸುವುದೂ ಬೇಡ ಎಂದು ಪೆಟ್ಟಿಗೆಗೆ ಬೀಗ ಹಾಕಿಸಿದ. ಬೀಗದ ಕೈ ಇಟ್ಟುಕೊಳ್ಳಲು ಯಾರೂ ಒಪ್ಪಲಿಲ್ಲ. ಓಂಕಾರಪ್ಪ ಅದನ್ನು ಕೆಂಪಕ್ಕನ ಕೈಗೆ ಹಾಕಿದ. ಅವಳು ತಾಳಿಯಿಲ್ಲದ ಕೊರಳಿನ ದಾರಕ್ಕೆ ಅದನ್ನು ಕಟ್ಟಿಕೊಂಡಳು.

ಎಂಬತ್ತೊಂಬತ್ತರ ಬೇಸಿಗೆ. ಬಿಸಿಲೇರಿ, ನೀರಿಗೆ ಬಂದ ಹೆಂಗಸರೆಲ್ಲ ಹಗ್ಗ ಸಮೇತ ಮನೆ ಸೇರಿದ್ದರು. ಕೆಂಪಕ್ಕ ನನ್ನ ಗಿರಣಿಯಲ್ಲಿ ರಾಗಿ ಬೀಸಿಸುತ್ತಿದ್ದಳು. ಊರಿಗೆಲ್ಲ ಕುಡಿಯುವ ನೀರು ಕೊಡುವ ಸೀನೀರ ಬಾವಿಯ ಕಡೆಯಿಂದ ದುರುಗಮ್ಮನ ಚೀರಾಟ ಕೇಳಿಸಿತು. ಬೆಳಿಗ್ಗೆ ತನ್ನ ತಾಮ್ರದ ಕೊಡ ಬಾವಿಗೆ ಬಿತ್ತೆಂದು ಅವಳು ಮಾರಪ್ಪನನ್ನು ಇಳಿಸಿದ್ದಳು. ನೀರು ಹತ್ತಿರವಾಗುತ್ತಿದ್ದಂತೆ ಒಂದು ಕಲ್ಲು ಜಾರಿತು, ಮಾರಪ್ಪ ಗೋಡೆಗೆ ಬಡಿದುಕೊಂಡು ನೀರಿಗೆ ಬಿದ್ದ.

ಕೆಂಪಕ್ಕ ರಾಗಿ ಬಿಟ್ಟು ಓಡಿದಳು. ಬಾವಿಯ ಕಡೆಗಲ್ಲ, ಪಂಚಾಯ್ತಿ ಆಫೀಸಿಗೆ. ಅವಳು ಬೀಗ ತೆಗೆದು ಹಗ್ಗ ಹೆಗಲಿಗೇರಿಸಿದಳು, ನಾನು ರಾಟೆ ಹಲಗೆ ಎತ್ತಿಕೊಂಡೆ. ಬಾವಿ ಮುಟ್ಟಿದಾಗ ದುರುಗಮ್ಮ ಕಟ್ಟೆಯ ಮುಂದೆ ಎರಡೂ ಕೈ ಚಾಚಿ ನಿಂತಿದ್ದಳು.

“ಅದನ್ನ ಇಳಿಬಿಡಬ್ಯಾಡ!”

“ಆಚೆ ಸರೀರಿ ಅಜ್ಜಿ. ಒಳಗಿರೋನು ನನ್ನ ಮೈದುನ.”

“ಯಾರಾದ್ರೂ ಇರ್ಲಿ. ಹೆಣದ ಹಗ್ಗ ಅದು. ಊರೇ ಕುಡಿಯೋ ನೀರು ಇದು!”

ಒಳಗಿನಿಂದ ಮಾರಪ್ಪನ ದನಿ ಬಂತು. “ಅತ್ಗೇ, ಕಾಲು ಹೋತು. ಕೈ ಸೋಲ್ತೈತೆ. ಹಗ್ಗ ಬಿಡು.”

ಅದೇ ಮಾತು. ಕೆಂಪಕ್ಕನ ಮುಖ ಏನಾಯಿತೆಂದು ನಾನು ಹೇಳಲಾರೆ, ನೋಡಲು ಧೈರ್ಯ ಬರಲಿಲ್ಲ. ಅವಳು ಮುದುಕಿಯನ್ನು ತಳ್ಳಿ ಹಗ್ಗದ ತುದಿಯನ್ನು ಕಟ್ಟೆಯ ಮೇಲೆ ಎಸೆದಳು. ಅಷ್ಟರಲ್ಲಿ ಓಡಿಬಂದ ತಿಪ್ಪೇಶಪ್ಪ ಅದನ್ನು ಹಿಡಿದುಬಿಟ್ಟ. ಅವಳು ಅತ್ತ ಎಳೆಯುವುದು, ಅವನು ಇತ್ತ ಎಳೆಯುವುದು. ಕೆಳಗೊಬ್ಬ ಸಾಯುತ್ತಿರುವಾಗ ಇವರು ಮೇಲೆ ಹಗ್ಗ ಜಗ್ಗುತ್ತಿದ್ದರು! ನಾನು ತಿಪ್ಪೇಶಪ್ಪನ ಕೊರಳಪಟ್ಟಿಗೆ ಕೈ ಹಾಕಿದೆ.

“ಮನೆ ಹಗ್ಗ ತರ್ರೋ!” ದುರುಗಮ್ಮ ಓಣಿಗೆ ಕೇಳುವಂತೆ ಕಿರುಚಿದಳು. “ಎಲ್ಲಾರೂ ತರ್ರಿ! ಇಲ್ದಿದ್ರೆ ಇವಳು ಬಾವಿ ಕೆಡಿಸ್ತಾಳೆ! ನಾಳೆಯಿಂದ ಏನು ಕುಡೀತೀರಿ?”

ಹಾಗೆ ಕೂಗಿ ಅವಳೇ ಮೊದಲು ಓಡಿದಳು. ಆ ವಯಸ್ಸಿನಲ್ಲಿ ಅವಳು ಅಷ್ಟು ಜೋರಾಗಿ ಓಡಬಲ್ಲಳು ಎಂದು ನನಗೆ ಗೊತ್ತಿರಲಿಲ್ಲ. ಗೂಟದಿಂದ ತಂದ ಹಗ್ಗವನ್ನು ಕಟ್ಟೆಯ ಮೇಲೆ ಬಿಸಾಕಿದಳು. ಆಮೇಲೆ ಪ್ರತಿ ಓಣಿಯಿಂದಲೂ ಬಂದವು. ಹೆಂಗಸರು ಸೆರಗು ಸಿಕ್ಕಿಸಿಕೊಂಡು ತಂದರು, ಗಂಡಸರು ಚಪ್ಪಲಿ ಬಿಟ್ಟು ತಂದರು. ಮಲ್ಲಿಕಾರ್ಜುನಪ್ಪನ ಮನೆಯದೂ ಬಂತು, ಮಾರಿಬಿಟ್ಟೆನೆಂದಿದ್ದ ಕಲ್ಲೇಶಪ್ಪನ ಮನೆಯದೂ ಬಂತು. ಯಾರ ಹಗ್ಗವೂ ಪಿಸಿದಿರಲಿಲ್ಲ. ಯಾರದೂ ಗಿಡ್ಡವಾಗಿರಲಿಲ್ಲ. ಮೂರನ್ನು ಹುರಿಗೂಡಿಸಿ ಇಳಿಬಿಟ್ಟರು, ಮಾರಪ್ಪ ಅದರ ಕುಣಿಕೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಊರೆಲ್ಲ ಸೇರಿ ಎಳೆಯಿತು. ಹಣೆ ಒಡೆದು, ಕಾಲು ಮುರಿದು, ಆದರೆ ಬದುಕಿ, ಅವನು ಕಟ್ಟೆಯ ಮೇಲೆ ಬಂದು ಬಿದ್ದ.

ಜನ ಹೋ ಎಂದು ಕೂಗಿದರು. ಎಚ್ಚರ ತಪ್ಪಿದ್ದ ಅವನ ಬಾಯಿಗೆ ಯಾರೋ ನೀರು ಬಿಟ್ಟರು. ನನಗೂ ಅಳು ಬಂತು, ಸಂತೋಷಕ್ಕೇ ಬಂತು. ಕೆಂಪಕ್ಕನನ್ನು ಹುಡುಕಿದೆ. ಅವಳು ಮೈದುನನ ಬಳಿ ಇರಲಿಲ್ಲ. ಕಟ್ಟೆಯ ಪಕ್ಕದಲ್ಲಿ ಬಳಸದೆ ಉಳಿದ ಹಗ್ಗಗಳು ರಾಶಿ ಬಿದ್ದಿದ್ದವು. ಅವಳು ಆ ರಾಶಿಯ ಮುಂದೆ ನಿಂತಿದ್ದಳು.

“ಇಷ್ಟೊಂದು ಹಗ್ಗ ಅವತ್ತೂ ಇದ್ವಾ?” ಎಂದು ಕೇಳಿದಳು.

ಹಗ್ಗ ತೆಗೆಯಲು ಬಗ್ಗಿದ್ದ ಹೆಂಗಸರು ಹಿಂದೆ ಸರಿದರು.

“ಹೇಳ್ರಿ. ಇಷ್ಟು ಬೇಗ ಓಡಿ ಬರಾಕೆ ಬರ್ತಿತ್ತಾ ನಿಮಗೆ? ನನ್ನ ಗಂಡನಿಗೆ ಇನ್ನ ಎರಡು ಹಗ್ಗ ಬೇಕಿತ್ತು. ಎರಡೇ.”

ಅಷ್ಟು ಹೇಳಿ ಆ ರಾಶಿಯ ಮೇಲೇ ಕುಸಿದು ಕೂತು ಬಾಯಿಬಿಟ್ಟು ಅತ್ತಳು. ಸಣ್ಣಪ್ಪನ ಹೆಣ ಮೇಲೆ ಬಂದ ದಿನವೂ ಅವಳು ಊರ ಮುಂದೆ ಅತ್ತಿರಲಿಲ್ಲ. ಹೆಂಗಸರು ತಮ್ಮ ತಮ್ಮ ಹಗ್ಗ ತೆಗೆದುಕೊಂಡು ಹೋಗಬೇಕಿತ್ತು, ಆದರೆ ಅವಳನ್ನು ಏಳು ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ದುರುಗಮ್ಮ ಸ್ವಲ್ಪ ದೂರದಲ್ಲಿ ನೆಲ ನೋಡುತ್ತಾ ನಿಂತಿದ್ದಳು.

ಮುಂದಿನ ಸಭೆಯಲ್ಲಿ ಮಲ್ಲಿಕಾರ್ಜುನಪ್ಪ ಉಮೇದಿನಲ್ಲಿದ್ದ. ಊರವರೇ ಹಗ್ಗ ತರುತ್ತಾರೆಂದು ಗೊತ್ತಾಯಿತಲ್ಲ, ಸರ್ಕಾರದ ಹಗ್ಗ ಹರಾಜು ಹಾಕಿ ಕಮಾನಿನ ಮೇಲ್ಭಾಗ ಮುಗಿಸೋಣ ಅಂದ. ಕೈಗಳು ಅರ್ಧ ಮೇಲೆದ್ದಿದ್ದವು. ಕೆಂಪಕ್ಕ ಎದ್ದಳು.

“ಮಾರಬ್ಯಾಡ್ರಿ. ಬಾವಿಯಾಗಿಂದ ಮನುಷ್ಯರನ್ನ ಎತ್ತಾಕೆ ಅಂತ ನಾನು ಅದನ್ನ ತರಿಸಿದ್ದೆ. ಅದು ಅದಕ್ಕಲ್ಲ, ನಿಮ್ಮ ಹಗ್ಗಾನ ಗೂಟದಿಂದ ಇಳಿಸಾಕೆ ಐತೆ.” ಅವಳ ದನಿ ಏರಲಿಲ್ಲ. “ಇನ್ನ ಮ್ಯಾಲೆ ಯಾವ ಹೊಲದ ಬಾವಿಗೆ ಯಾರೇ ಬೀಳ್ಲಿ, ನಿಮ್ಮ ಹಗ್ಗ ಬರ್ಲಿಲ್ಲ ಅಂದ್ರೆ ನಾನು ಆ ಕಡೆ ಬರಲ್ಲ. ಇದನ್ನ ಹೊತ್ಕೊಂಡು ಸೀದಾ ಸೀನೀರ ಬಾವಿಗೆ ಹೋಗಿ ಮುಳುಗಿಸ್ತೀನಿ. ನಾನೂ ಅದೇ ನೀರು ಕುಡಿಯೋಳು, ನೆನಪಿರ್ಲಿ.”

ಎದ್ದ ಕೈಗಳು ಇಳಿದವು. ಓಂಕಾರಪ್ಪ ಏನು ಬರೆದುಕೊಳ್ಳಬೇಕೆಂದು ತಿಳಿಯದೆ ಪ್ರಧಾನನ ಮುಖ ನೋಡಿದ. ಪ್ರಧಾನ ಚಹಾ ತರಿಸಿದ. ಪೆಟ್ಟಿಗೆ ಅವತ್ತೇ ಕೆಂಪಕ್ಕನ ಮನೆಗೆ ಹೋಯಿತು. ಸರ್ಕಾರ ನಮ್ಮೂರಿಗೆ ಕೊಟ್ಟ ಸಾಮಾನುಗಳಲ್ಲಿ ಕೆಲಸಕ್ಕೆ ಬಂದದ್ದು ಇದೊಂದೇ, ಅದೂ ಹೆದರಿಸುವ ಕೆಲಸಕ್ಕೆ. ಇದನ್ನು ನೆನೆದರೆ ನನಗೆ ಇವತ್ತಿಗೂ ನಗಬೇಕೋ ಬೈಯಬೇಕೋ ತಿಳಿಯುವುದಿಲ್ಲ.

ಮಾರಪ್ಪ ಬಿದ್ದ ದಿನ ಅವಳು ಗಿರಣಿಯಲ್ಲಿ ಬಿಟ್ಟುಹೋದ ರಾಗಿಹಿಟ್ಟನ್ನು ಸಭೆಯ ದಿನ ಸಂಜೆ ನಾನೇ ಒಯ್ದು ಕೊಟ್ಟೆ. ಮಾರಪ್ಪ ಕಾಲಿಗೆ ಬಿದಿರು ದಬ್ಬೆ ಕಟ್ಟಿಸಿಕೊಂಡು ಗೋಡೆಗೆ ಒರಗಿದ್ದ. ಪೆಟ್ಟಿಗೆ ಅವನ ಪಕ್ಕದಲ್ಲೇ ಇತ್ತು. ಕೆಂಪಕ್ಕ ಒಲೆಯ ಮುಂದೆ ಎಸರು ಕುದಿಯಲೆಂದು ಕಾಯುತ್ತಿದ್ದಳು.

“ಅತ್ಗೆ,” ಅಂದ ಮಾರಪ್ಪ, “ಒಳಗಿಂದ ಕೂಗಿದ್ದು ಮ್ಯಾಲೆ ಕೇಳಿಸ್ತಿತ್ತಾ? ಎಷ್ಟು ಕೂಗಿದ್ರೂ ಗೋಡೆನೇ ನುಂಗ್ತೈತೆ ಅನ್ನಿಸ್ತಿತ್ತು ನಂಗೆ.”

ಅವಳು ತಿರುಗಿ ನನ್ನನ್ನು ನೋಡಿದಳು, ಆಮೇಲೆ ಅವನನ್ನು.

“ಕೇಳಿಸ್ತಿತ್ತು,” ಅಂದಳು. “ನಿಮ್ಮಣ್ಣ ಕೂಗಿದ್ದೂ ಕೇಳಿಸ್ತಿತ್ತು. ಎಲ್ಲಾರಿಗೂ.”

ಮಾರಪ್ಪ ಪಕ್ಕದ ಪೆಟ್ಟಿಗೆಯ ಬೀಗವನ್ನು ಮುಟ್ಟಿ ನೋಡಿದ. ಹತ್ತು ವರ್ಷ ಅವನು ಅದೇ ಜನರ ಕೊಡಗಳನ್ನು ಅದೇ ಬಾವಿಗಳಿಂದ ತೆಗೆದುಕೊಟ್ಟಿದ್ದ. ಕೆಂಪಕ್ಕ ಎಸರಿಗೆ ಹಿಟ್ಟು ಹಾಕಿ ಮುದ್ದೆ ತಿರುವಿದಳು, ನನಗೂ ಒಂದು ತಟ್ಟೆ ಇಟ್ಟಳು. ಮೂವರೂ ಉಂಡೆವು. ಕಾಲು ಕೂಡಿದ ಮೇಲೂ ಮಾರಪ್ಪ ಈ ಊರಿನ ಯಾವ ಬಾವಿಗೂ ಇಳಿಯಲಿಲ್ಲ. ದುರುಗಮ್ಮನ ತಾಮ್ರದ ಕೊಡ ಇನ್ನೂ ಸೀನೀರ ಬಾವಿಯಲ್ಲೇ ಇದೆ.